ಮುಂದಕ್ಕೆ ಸರಿದ ಸೀಟು

ಕುಡಿದು ಗಾಡಿ ಓಡಿಸಿ ಮಗ ಸಿಕ್ಕಿಬಿದ್ದ ಸುದ್ದಿ ಮನೆಗೆ ಬಂದದ್ದು ಭಾನುವಾರ ಸಂಜೆ ಏಳಕ್ಕೆ. ಸೊಸೆ ಆಲೂಗಡ್ಡೆ ಸುಲಿಯುತ್ತಿದ್ದಳು. ಫೋನು ಎತ್ತಿದ್ದು ಮಾವ.

"ಯಾವ ಗಾಡಿ? ನಂಬರ್ ಹೇಳಿ. ಬಣ್ಣ? ಸರಿ, ನೀವು ಪೊಲೀಸ್ ಅಂತ ನಾನು ಹೇಗೆ ನಂಬೋದು?"

ಮಾವ ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರು ಓದಿದವರು. ಪ್ರತಿ ಮನೆಯವರೂ ಮೀಟರಿಗೆ ಏನೋ ಒಂದು ಕಿತಾಪತಿ ಮಾಡಿಯೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ಅವರ ನೌಕರಿ ನಡೆದಿತ್ತು. ನೌಕರಿ ಮುಗಿಯಿತು, ನಂಬಿಕೆ ಮಾತ್ರ ಹಾಗೇ ಉಳಿಯಿತು. ಈಗ ಅವರಿಗೆ ಓದಲು ಸಿಗುತ್ತಿದ್ದದ್ದು ಮನೆಯವರ ಮುಖಗಳು ಮಾತ್ರ.

ಎಂಟಕ್ಕೆ ಅತ್ತೆ ಬಂದರು. ತಂಗಿಯ ಮನೆಗೆಂದು ಹೋಗಿದ್ದವರು ಬಸ್ಸಿಗೆ ಕಾದು ಸುಸ್ತಾಗಿದ್ದರು. ವಿಷಯ ಕೇಳಿ ಅಡುಗೆಮನೆಗೆ ಹೋಗಿ, ಸುಲಿದಿಟ್ಟ ಆಲೂಗಡ್ಡೆಯನ್ನು ಇನ್ನೊಂದು ಸಲ ತೊಳೆದರು. ಒಂಬತ್ತಕ್ಕೆ ಮಗ ನಡೆದುಕೊಂಡು ಬಂದ. ಆರಡಿ ಎತ್ತರದ ಆಸಾಮಿ ಬಾಗಿಲಲ್ಲಿ ಕುಗ್ಗಿ ನಿಂತಿದ್ದ.

"ಎಷ್ಟು ಕುಡಿದೆ?" ಮಾವ ಕೇಳಿದರು.

"ಎರಡು ಗ್ಲಾಸ್. ಅದೂ ಮಧ್ಯಾಹ್ನ. ಆಫೀಸಲ್ಲಿ ಒಬ್ಬರು ರಿಟೈರ್ ಆದ್ರು, ಊಟ ಇತ್ತು."

"ಎರಡು ಅಂದ್ರೆ ನಾಲ್ಕು ಅಂತ ಅರ್ಥ. ಎಲ್ಲರೂ ಅರ್ಧವೇ ಹೇಳೋದು."

"ಜೊತೇಲಿ ಯಾರಿದ್ರು?" ಸೊಸೆ ಕೇಳಿದಳು.

"ಯಾರೂ ಇಲ್ಲ. ಒಬ್ಬನೇ."

ಹತ್ತು ವರ್ಷದ ಮಗಳು ಅಪ್ಪನ ಅಂಗಿ ಮೂಸಿ, "ಏನೂ ವಾಸನೆ ಇಲ್ಲ ತಾತ" ಎಂದು ವರದಿ ಕೊಟ್ಟಳು. ಯಾರೂ ಕೇಳದೆಯೇ ಎಲ್ಲದಕ್ಕೂ ಮೂಗು ತೂರಿಸುವ ಈ ಹುಡುಗಿಗೆ ಮನೆಯಲ್ಲಿ ಪತ್ತೇದಾರಿ ಎಂದೇ ಹೆಸರು.

ಸೋಮವಾರ ದಂಡ ಕಟ್ಟಿದ್ದಾಯಿತು. ಲೈಸೆನ್ಸನ್ನು ಮೂರು ತಿಂಗಳು ಹಿಡಿದಿಟ್ಟುಕೊಂಡರು. ಅವನದು ಲಿಫ್ಟ್ ರಿಪೇರಿ ಕೆಲಸ. ಯಾವುದೋ ಕಟ್ಟಡದಲ್ಲಿ ಲಿಫ್ಟು ನಿಂತು ಒಳಗೆ ಜನ ಸಿಕ್ಕಿಕೊಂಡರೆ ಸಾಮಾನು ತುಂಬಿಕೊಂಡು ಓಡಬೇಕು. ಗಾಡಿ ಓಡಿಸಲಾಗದವನನ್ನು ಕಂಪನಿಯವರು ಸ್ಟೋರಿಗೆ ಕಳಿಸಿ, ಹಳೇ ಕೇಬಲ್ಲು ಸುತ್ತಿಡಲು ಕೂರಿಸಿದರು. ಸಂಜೆ ಮನೆಗೆ ಬಂದಾಗೆಲ್ಲ ಮಾವ ಬಾಗಿಲಿಗೆ ಅಡ್ಡ ನಿಂತು "ಊದು" ಎನ್ನುತ್ತಿದ್ದರು. ಅವನು ಊದುತ್ತಿದ್ದ.

ಗಾಡಿ ಮಾತ್ರ ಊರಾಚೆಯ ಪೊಲೀಸ್ ಯಾರ್ಡಿನಲ್ಲಿ ಕೂತಿತ್ತು. ಅದು ಇದ್ದದ್ದು ಸೊಸೆಯ ಹೆಸರಲ್ಲಿ. ಅವಳಿಗೆ ಓಡಿಸಲು ಬರುತ್ತಿರಲಿಲ್ಲ, ರಸ್ತೆ ದಾಟಬೇಕಾದರೂ ನಾಲ್ಕು ಸಲ ಅತ್ತಿತ್ತ ನೋಡುವ ಪೈಕಿ. ಆದರೆ ಕಾಗದದ ಮೇಲೆ ಒಡತಿ ಅವಳೇ ಆದ್ದರಿಂದ ಬಿಡಿಸಿಕೊಳ್ಳಲು ಅವಳದೇ ಸೈನ್ ಬೇಕು. ಮೂವತ್ತು ದಿನದೊಳಗೆ ಯಾರೂ ಬಾರದಿದ್ದರೆ ಹರಾಜು.

ಬುಧವಾರ ಅರ್ಧ ದಿನ ರಜೆ ಹಾಕಿ ಹೊರಟಳು. ಮಾವ ತಾವೂ ಬರುತ್ತೇನೆಂದು ಟೋಪಿ ಹಾಕಿಕೊಂಡರು. "ಯಾರ್ಡಲ್ಲಿ ಪೆಟ್ರೋಲು ಹೀರ್ತಾರೆ. ಸ್ಟೆಪ್ನಿ ಬದಲಾಯಿಸ್ತಾರೆ. ನೀನು ಸೈನ್ ಹಾಕಿ ಬಂದುಬಿಡ್ತೀಯ."

ಯಾರ್ಡಿನ ಗುಮಾಸ್ತ ಮುಚ್ಚಿದ ಲಕೋಟೆಯಿಂದ ಬೀಗದ ಕೈ ತೆಗೆದ. ಗಾಡಿಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ದೂಳು. ಮಾವ ಟೈರುಗಳನ್ನು ಒಂದೊಂದಾಗಿ ಒದೆಯುತ್ತ ಹೊರಟರು. ವಿಮೆಯ ಕಾಗದ ತೆಗೆಯಲೆಂದು ಸೊಸೆ ಡ್ರೈವರ್ ಸೀಟಿಗೆ ಹತ್ತಿದಳು. ಹತ್ತಿದಳು ಎನ್ನುವುದಕ್ಕಿಂತ ತುರುಕಿಕೊಂಡಳು ಎನ್ನಬೇಕು. ಮೊಣಕಾಲು ಸ್ಟಿಯರಿಂಗಿನ ಕೆಳಗೆ ಬಡಿಯಿತು. ಸೀಟು ಮುಂದಕ್ಕೆ, ಇನ್ನು ಮುಂದಕ್ಕೆ ಹೋಗದಷ್ಟು ಮುಂದಕ್ಕೆ ಸರಿದಿತ್ತು.

ಅವಳ ಗಂಡ ಆ ಸೀಟನ್ನು ಪೂರ್ತಿ ಹಿಂದೆ ತಳ್ಳಿಕೊಂಡೂ ಜಾಗ ಸಾಲದು ಎಂದು ಗೊಣಗುವವನು.

"ಗಾಡೀನ ಇಲ್ಲಿಗೆ ಯಾರು ಓಡಿಸ್ಕೊಂಡು ಬಂದ್ರು?" ಗುಮಾಸ್ತನನ್ನು ಕೇಳಿದಳು.

"ಯಾರೂ ಓಡ್ಸಲ್ಲ ಮೇಡಂ. ಕ್ರೇನಲ್ಲಿ ಎತ್ತಿ ತರ್ತೀವಿ. ಕೀ ಲಕೋಟೇಲಿ ಸೀಲ್ ಆಗಿರುತ್ತೆ. ಒಳಗೆ ಕೂತ ಮೊದಲನೆಯವರು ನೀವೇ."

ಅವನು ಕೊಟ್ಟ ಚೀಟಿಯಲ್ಲಿ ತಾರೀಖು, ಸಮಯ, ಜಾಗ ಎಲ್ಲ ಇತ್ತು. ಕೊನೆಯಲ್ಲಿ ಒಂದು ಸಾಲು: ಪಕ್ಕದ ಸೀಟಿನಲ್ಲಿ ಒಬ್ಬ ಮಹಿಳೆ, ಕಳುಹಿಸಿಕೊಡಲಾಯಿತು.

ಆ ಸಾಲನ್ನು ಇನ್ನೊಂದು ಸಲ ಓದಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಗಾಜು ಕೂರಿಸುವವಳು. ಒಂದು ಮಿಲಿಮೀಟರು ಹೆಚ್ಚುಕಡಿಮೆಯಾದರೂ ಗಿರಾಕಿಗೆ ತಲೆನೋವು ಬರುವ ಕೆಲಸ ಅದು, ಹಾಗಾಗಿ ಜೇಬಲ್ಲಿ ಯಾವಾಗಲೂ ಸಣ್ಣ ಸ್ಕೇಲು. ಅದನ್ನು ತೆಗೆದು ಪೆಡಲಿನಿಂದ ಸೀಟಿನ ಅಂಚಿನವರೆಗೆ ಅಳೆದಳು, ಅಂಗೈ ಮೇಲೆ ಬರೆದುಕೊಂಡಳು. ಇಲ್ಲಿ ಕೂತವಳು ನಾಲ್ಕಡಿ ಹತ್ತಂಗುಲ ದಾಟಿರಲಾರಳು. ಕೂತವಳು ಅಂತಲೇ ಅವಳ ಲೆಕ್ಕ. ಗಂಡಸು ಎಂದು ಒಂದು ಕ್ಷಣವೂ ಹೊಳೆಯಲಿಲ್ಲ.

"ಪೆಟ್ರೋಲು ಇದೆ," ಮಾವ ನಿರಾಶೆಯಿಂದ ಹೇಳಿದರು. "ಸೈನ್ ಹಾಕು, ಹೋಗೋಣ."

"ಇವತ್ತು ಬೇಡ ಮಾವ."

ಅವತ್ತು ಊಟಕ್ಕೆ ಬೇಳೆ, ಅನ್ನ, ಬೇಯಿಸಿದ ಮೊಟ್ಟೆ. ಸೊಸೆ ಚೀಟಿಯನ್ನು ಗಂಡನ ತಟ್ಟೆಯ ಪಕ್ಕ ಇಟ್ಟಳು.

"ಒಬ್ಬನೇ ಅಂದ್ರಿ."

ಅವನು ಓದಿದ. ಅತ್ತೆಯ ಕೈಯಲ್ಲಿದ್ದ ಸೌಟು ಪಾತ್ರೆಗೆ ತಗಲಿ ಸದ್ದಾಯಿತು.

"ಆಫೀಸಿನವರ ಹೆಂಡತಿ. ದಾರೀಲಿ ಇಳಿಸೋಣ ಅಂತ."

"ಯಾವ ಆಫೀಸಿನವರ ಹೆಂಡತಿ? ಹೆಸರಿಲ್ವಾ?"

ಅವನು ನೀರಿನ ಲೋಟ ಎತ್ತಿಕೊಂಡ.

"ಗಾಡಿ ಓಡಿಸ್ತಿದ್ದದ್ದೂ ಅವಳೇನಾ? ಸೀಟು ಅಷ್ಟು ಮುಂದೆ ಯಾಕಿತ್ತು?"

"ಯಾರ್ಡಿನವರು ಎಳೆದಿರ್ತಾರೆ."

"ಅವರು ಮುಟ್ಟೇ ಇಲ್ಲ. ಕೇಳಿದ್ದೀನಿ."

ಅವನು ಮೊಟ್ಟೆಯನ್ನು ಎರಡು ಹೋಳು ಮಾಡಿದ, ಆಮೇಲೆ ನಾಲ್ಕು ಮಾಡಿದ, ಒಂದನ್ನೂ ತಿನ್ನಲಿಲ್ಲ. "ಹೇಳೋ ಹಾಗಿಲ್ಲ. ಆದ್ರೆ ನೀನು ಅಂದ್ಕೊಂಡ ಹಾಗೆ ಏನೂ ಇಲ್ಲ. ನಂಬು."

"ಹೇಳೋ ಹಾಗಿಲ್ಲ ಅಂದ್ಮೇಲೆ ಏನನ್ನ ನಂಬಲಿ? ಯಾರು ಅಂತ ಹೇಳಿ, ನಾಳೆನೇ ಸೈನ್ ಹಾಕ್ತೀನಿ. ಇಲ್ದಿದ್ರೆ ಗಾಡಿ ಅಲ್ಲೇ ಕೊಳೀಲಿ."

"ಅದು ಕೊಳೆತ್ರೆ ನಷ್ಟ ನಿನಗೇ," ಎಂದರು ಮಾವ. ಹೆಂಗಸಿನ ವಿಷಯ ಅವರ ತಲೆಗೆ ಹೋಗಲೇ ಇಲ್ಲ. ಮಗ ದಿನಾ ಕುಡಿಯುತ್ತಾನೆ ಎಂಬ ಗುಮಾನಿಯೇ ಅವರಿಗೆ ಕೈತುಂಬ ಕೆಲಸ ಕೊಟ್ಟಿತ್ತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾರೂ ಯಾರ ಬೆನ್ನ ಹಿಂದೆಯೂ ಸುಮ್ಮನೆ ಹಾದುಹೋಗಲಿಲ್ಲ. ಗಂಡ ಸ್ನಾನಕ್ಕೆ ಹೋದರೆ ಸೊಸೆ ಅವನ ಫೋನು ನೋಡಿದಳು. ಅವಳು ನೋಡುವುದನ್ನು ಪತ್ತೇದಾರಿ ನೋಡಿದಳು. ಫೋನಿನಲ್ಲಿ ಏನೂ ಸಿಗಲಿಲ್ಲ, ಅದರಿಂದ ಗುಮಾನಿ ಇನ್ನೂ ಗಟ್ಟಿಯಾಯಿತು, ಅಳಿಸಿಹಾಕಿರುತ್ತಾನೆ. ಮಾವ ಅಟ್ಟದ ಮೇಲೆ ಬಾಟಲಿ ಹುಡುಕಿ, ತಾವೇ ನಾಲ್ಕು ವರ್ಷದ ಹಿಂದೆ ಬಚ್ಚಿಟ್ಟು ಮರೆತಿದ್ದ ಟಾರ್ಚು ಸಿಕ್ಕಿ, ಅದಕ್ಕೂ ಮಗನನ್ನೇ ಬೈದರು.

ಸ್ಟೋರಿನಲ್ಲಿ ಒಬ್ಬ ಹೆಂಗಸು ಇದ್ದಾಳೆಂದು ಸೊಸೆಗೆ ಗೊತ್ತಿತ್ತು. ಹೊಸ ವರ್ಷದ ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲಲ್ಲಿ ನಿಂತಿದ್ದವಳು, ನಗುಮುಖ, ಗಿಡ್ಡ. ಎರಡನೇ ವಾರ ಗಂಡ ಬೇಕೆಂದೇ ಬಿಟ್ಟುಹೋದನೋ ಮರೆತು ಬಿಟ್ಟುಹೋದನೋ, ಊಟದ ಡಬ್ಬಿ ಮೇಜಿನ ಮೇಲಿತ್ತು. ಅದನ್ನು ಕೊಡುವ ನೆಪದಲ್ಲಿ ಸ್ಟೋರಿಗೆ ಹೋದಳು. ಆ ಹೆಂಗಸು "ಬನ್ನಿ ಬನ್ನಿ" ಎಂದು ಕುರ್ಚಿ ಕೊಟ್ಟು ಟೀ ತರಿಸಿದಳು. ಸೊಸೆ ಟೀ ಕುಡಿಯಲಿಲ್ಲ. ರ‍್ಯಾಕಿನ ಪಟ್ಟಿಗಳ ಪಕ್ಕದಲ್ಲಿ ಅವಳನ್ನು ಕಣ್ಣಲ್ಲೇ ಅಳೆದಳು. ಐದಡಿ ಮೂರಂಗುಲ. ಚಪ್ಪಲಿ ಕಳೆದರೆ ಐದಡಿ ಎರಡು. ಲೆಕ್ಕ ಕೂಡಲಿಲ್ಲ.

"ನೀವು ನಿಂತ್ರೆ ಎಷ್ಟು ಎತ್ತರ?" ಎಂದು ಆದರೂ ಕೇಳಿಯೇಬಿಟ್ಟಳು.

"ಯಾಕೆ, ಕನ್ನಡಕಕ್ಕೆ ಎತ್ತರವೂ ಬೇಕಾ?" ಎಂದು ಆಕೆ ನಕ್ಕಳು.

ಬೀದಿಯ ಕೊನೆಯ ಮನೆಯ ಟ್ಯೂಷನ್ ಮೇಡಂ, ಬ್ಯಾಂಕಿನ ಹೊಸ ಕ್ಯಾಷಿಯರು, ಮಗಳ ಗೆಳತಿಯ ಅಮ್ಮ, ಹೀಗೆ ಊರಲ್ಲಿದ್ದ ಗಿಡ್ಡ ಹೆಂಗಸರನ್ನೆಲ್ಲ ಸೊಸೆ ಬಾಗಿಲ ಚೌಕಟ್ಟು, ಅಂಗಡಿ ಕಟ್ಟೆಗಳ ಪಕ್ಕ ನಿಲ್ಲಿಸಿ ಅಳೆದಳು. ರಾತ್ರಿ ಗಂಡನಿಗೆ ಬೆನ್ನು ಮಾಡಿ ಮಲಗಿದಳು. ಅಳು ಬರುತ್ತಿತ್ತು, ಅವನಿಗೆ ಕೇಳಿಸಬಾರದೆಂದು ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷ ಸಂಸಾರ ಮಾಡಿದ ಗಂಡ ತನ್ನವನೋ ಅಲ್ಲವೋ ಎಂಬುದೊಂದೇ ಅವಳಿಗೆ ತಿಳಿಯಬೇಕಿತ್ತು. ಗಾಡಿ ಹಾಳಾಗಿ ಹೋಗಲಿ.

ಅತ್ತೆಯ ಮೇಲೂ ಅವಳಿಗೆ ಅನುಮಾನ ಬಂತು. ಈಚೀಚೆಗೆ ಅತ್ತೆ ಕೇಳದಿದ್ದರೂ ಅವಳ ತಟ್ಟೆಗೆ ಎರಡನೇ ಮೊಟ್ಟೆ ಹಾಕುತ್ತಿದ್ದರು. ಅವಳ ಬಟ್ಟೆಗೆ ಇಸ್ತ್ರಿ ಮಾಡಿಡುತ್ತಿದ್ದರು. "ಗಾಡಿ ಬಿಡಿಸ್ಕೊಂಡು ಬಂದುಬಿಡಮ್ಮ, ಆಗಿದ್ದು ಆಯ್ತು" ಎಂದು ಎರಡು ದಿನಕ್ಕೊಮ್ಮೆ ಹೇಳುತ್ತಿದ್ದರು.

"ನಿಮಗೆ ಗೊತ್ತು ಅವಳು ಯಾರು ಅಂತ," ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತ ಸೊಸೆ ಹೇಳಿದಳು. "ಮಗನ ಕಡೆ ನೀವು."

"ನನ್ನ ಮಗ ಅಂಥವನಲ್ಲ."

"ಹಾಗಾದ್ರೆ ಎಂಥವರು? ಹೇಳಿ."

ಅತ್ತೆ ಸ್ಟೂಲು ಎಳೆದುಕೊಂಡು ಹತ್ತಿ ಮೇಲಿನ ಗೂಡಿನಿಂದ ಸಕ್ಕರೆ ಡಬ್ಬ ತೆಗೆದರು.

ಇಪ್ಪತ್ತನಾಲ್ಕನೇ ದಿನ ಯಾರ್ಡಿನಿಂದ ನೋಟಿಸು ಬಂತು. ಆರು ದಿನ ಉಳಿದಿದೆ. ಮಾವ ಅದನ್ನು ಗಟ್ಟಿಯಾಗಿ ಓದಿದರು, ಒಮ್ಮೆ ಮಗನ ಮುಂದೆ, ಒಮ್ಮೆ ಸೊಸೆಯ ಮುಂದೆ. ಗಂಡ ಹೆಂಡತಿ ಇಬ್ಬರೂ ಗೋಡೆ ನೋಡಿದರು. ಸೊಸೆ ಕಪಾಟಿನಿಂದ ದೊಡ್ಡ ಚೀಲ ಇಳಿಸಿ, ತನ್ನ ಮತ್ತು ಮಗಳ ಬಟ್ಟೆ ಮಡಿಸಿ ಹಾಕಲು ಶುರುಮಾಡಿದಳು. "ಗಾಡಿ ಹರಾಜಾದ ಮಾರನೇ ದಿನ ತವರಿಗೆ ಹೋಗ್ತೀನಿ" ಎಂದಳು. ಹೇಳಿದ್ದು ಗಂಡನಿಗೆ, ಕೇಳಿಸಿದ್ದು ಎಲ್ಲರಿಗೂ.

ಮಾರನೇ ದಿನ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಬಾಗಿಲ ಗಂಟೆ ಸದ್ದಾಯಿತು. ಒಳಗೆ ಬಂದದ್ದು ಅತ್ತೆ, ಒಬ್ಬರೇ. ಪರೀಕ್ಷೆಯ ಕುರ್ಚಿಯ ಹತ್ತಿರ ಬಂದು ಏದುಸಿರು ಬಿಡುತ್ತ ಹತ್ತಿ ಕೂತರು. ಕಾಲು ನೆಲಕ್ಕೆ ಎಟುಕಲಿಲ್ಲ. ಚೀಲದಿಂದ ಮಡಿಸಿದ ಒಂದು ಅರ್ಜಿ ತೆಗೆದುಕೊಟ್ಟರು.

"ಇದಕ್ಕೆ ಕಣ್ಣಿನ ಸರ್ಟಿಫಿಕೇಟು ಬೇಕಂತೆ."

ಸೊಸೆ ಬಿಡಿಸಿ ನೋಡಿದಳು. ಗಾಡಿ ಕಲಿಯುವವರ ಲೈಸೆನ್ಸಿಗೆ ಅರ್ಜಿ. ವಯಸ್ಸು ಐವತ್ತೊಂಬತ್ತು. ಅವಳ ಕಣ್ಣು ಅರ್ಜಿಯಿಂದ ಜೋಲಾಡುತ್ತಿದ್ದ ಆ ಕಾಲುಗಳಿಗೆ ಇಳಿಯಿತು, ಮತ್ತೆ ಮೇಲಕ್ಕೆ ಬಂತು. ಊರೆಲ್ಲ ಅಳೆದು ಬಂದವಳು ತನ್ನ ಮನೆಯ ಅಡುಗೆಮನೆಯಲ್ಲಿ ಸ್ಟೂಲು ಹತ್ತುವವರನ್ನು ಅಳೆದಿರಲಿಲ್ಲ.

"ಆ ದಿನ ಓಡಿಸ್ತಿದ್ದದ್ದು..."

"ನಾನೇ," ಅತ್ತೆ ಹೇಳಿದರು. "ಎರಡು ತಿಂಗಳಿಂದ ಭಾನುವಾರ ಹಳೇ ಮಿಲ್ ಹಿಂದಿನ ಮೈದಾನದಲ್ಲಿ ಕಲಿಸ್ತಿದ್ದ. ತಂಗಿ ಮನೆ ಅಂತ ಹೇಳಿ ಹೋಗ್ತಿದ್ದೆ. ಆವತ್ತು ಅವನು ಕುಡಿದಿದ್ದ. ಅಮ್ಮ, ನಾನು ಓಡಿಸಬಾರದು, ನಿಧಾನಕ್ಕೆ ನೀನೇ ಓಡಿಸು ಅಂದ. ಮೊದಲನೇ ಸಲ ದೊಡ್ಡ ರಸ್ತೇಲಿ ಓಡಿಸ್ದೆ. ತಿರುವಲ್ಲಿ ಪೊಲೀಸ್ ಕಂಡ್ರು. ಲೈಸೆನ್ಸ್ ಇಲ್ದೋರು ಸಿಕ್ಕಿದ್ರೆ ಗಾಡಿ ಯಾರ ಹೆಸರಲ್ಲಿದೆಯೋ ಅವರ ಮೇಲೂ ಕೇಸು ಅಂದ. ನಿನ್ನ ಮೇಲೆ. ಲಾರಿ ಮರೇಲಿ ನಿಲ್ಲಿಸಿ ಸೀಟು ಬದಲಾಯಿಸ್ಕೊಂಡ್ವಿ. ಮಧ್ಯಾಹ್ನದ್ದು ಇಷ್ಟೊತ್ತಿಗೆ ಇಳಿದಿರುತ್ತೆ ಅಂತ ಅವನ ಲೆಕ್ಕ."

ಅಮ್ಮನ ಕೈಗೆ ಗಾಡಿ ಕೊಟ್ಟು ನಾಲ್ಕು ಕಿಲೋಮೀಟರು ಬುದ್ಧಿವಂತನಾಗಿದ್ದವನು ಕೊನೆಯ ಐವತ್ತು ಹೆಜ್ಜೆಗೆ ಪೆದ್ದನಾಗಿದ್ದ. ಸೀಟು ಹಿಂದೆ ತಳ್ಳಲೂ ಪುರುಸೊತ್ತಿಲ್ಲದೆ ಮೊಣಕಾಲು ಎದೆಗೆ ಒತ್ತಿಕೊಂಡು ಕೂತಿದ್ದ.

ಸೊಸೆ ಅರ್ಜಿಯನ್ನು ಪಕ್ಕಕ್ಕಿಟ್ಟಳು. ಕುರ್ಚಿಯ ಪೆಡಲು ಒತ್ತಿ ಅತ್ತೆಯನ್ನು ಮೇಲೆತ್ತಿದಳು. ಅವರ ಒಂದು ಕಣ್ಣನ್ನು ಕೈಯಿಂದ ಮುಚ್ಚಿದಳು.

"ಮೂರನೇ ಸಾಲು ಓದಿ."

"ಗ, ಪ, ಸ, ಲ."

"ನಾನು ಯಾರು ಅಂತ ಕೇಳಿದಾಗ ಸೌಟು ಹಿಡ್ಕೊಂಡು ಅಲ್ಲೇ ನಿಂತಿದ್ರಿ."

"ಹೂಂ."

"ಕೆಳಗಿನ ಸಾಲು."

"ಮ, ರ, ದ... ಆಮೇಲಿಂದು ನ."

"ಇಪ್ಪತ್ತೈದು ದಿನ ನನ್ನ ಮುಖ ನೋಡಿದ್ರಿ. ನಾನೇನು ಅಂದ್ಕೊಂಡಿದ್ದೀನಿ ಅಂತ ಗೊತ್ತಿತ್ತು ನಿಮಗೆ."

"ಗೊತ್ತಿತ್ತು. ಯಾರಿಗೂ ಹೇಳಬೇಡ ಅಂತ ಅವನಿಗೆ ನಾನೇ ಆಣೆ ಹಾಕ್ಸಿದ್ದೆ."

"ಯಾಕೆ?" ಈ ಸಲ ಅವಳ ದನಿ ಒಡೆಯಿತು.

ಅತ್ತೆ ಮುಚ್ಚಿದ ಕಣ್ಣಿನ ಮೇಲಿನ ಕೈಯನ್ನು ಸರಿಸಿದರು. "ನೀನು ಅವನ ಮೇಲೆ ಸಿಟ್ಟಾಗ್ತೀಯ, ನಾಲ್ಕು ದಿನಕ್ಕೆ ಇಳಿಯುತ್ತೆ ಅಂದ್ಕೊಂಡೆ. ನಿಮ್ಮ ಮಾವ ನಗ್ತಾರೆ. ಆ ನಗು ನಾನು ಸಾಯೋ ತನಕ ನಿಲ್ಲಲ್ಲ."

ಸೊಸೆಗೆ ಆ ಕ್ಷಣ ಅತ್ತೆಯನ್ನು ಕುರ್ಚಿಯಿಂದ ಎಳೆದು ಹೊರಗೆ ಹಾಕಬೇಕೆನಿಸಿತು. ಬೇರೆ ಯಾವಳೋ ಆಗಿದ್ದರೆ ಜಗಳಕ್ಕೆ ಒಂದು ದಾರಿ ಇರುತ್ತಿತ್ತು. ಎಡಗಣ್ಣನ್ನೂ ಪರೀಕ್ಷೆ ಮಾಡಿದಳು. ದೃಷ್ಟಿ ಸರಿಯಾಗಿಯೇ ಇತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದು, ಮುದ್ರೆ ಒತ್ತಿ, ಅರ್ಜಿಯನ್ನು ಮೇಜಿನ ಮೇಲೆ ತಳ್ಳಿದಳು.

"ಮನೇಲಿ ನೀವೇ ಹೇಳ್ಬೇಕು. ಇವತ್ತೇ. ನಾನು ಹೇಳಲ್ಲ."

ಅತ್ತೆ ಹೇಳಿದರು. ಎಲ್ಲರ ತಟ್ಟೆಗೂ ಬಡಿಸಿ, ತಾವು ಕೂತು, ಮೊದಲ ತುತ್ತಿಗೆ ಮುಂಚೆ ಹೇಳಿದರು. ಮಾವ ನಕ್ಕರು. ಅತ್ತೆ ಹೆದರಿದಂತೆಯೇ, ತಲೆ ಹಿಂದಕ್ಕೆ ಚೆಲ್ಲಿ ನಕ್ಕರು.

"ಮಗನ್ನ ಉಳಿಸೋಕೆ ಕಥೆ ಕಟ್ತಾ ಇದ್ದೀಯ. ಕ್ಲಚ್ಚು ಯಾವ ಕಾಲಲ್ಲಿ?"

"ಎಡಗಾಲು."

"ಗಾಡಿ ಏರಲ್ಲಿ ನಿಂತ್ರೆ?"

"ಹ್ಯಾಂಡ್‌ಬ್ರೇಕ್ ಹಿಡಿದು, ಕ್ಲಚ್ಚು ಅರ್ಧ ಬಿಟ್ಟು, ಗಾಡಿ ಎಳೆಯೋ ಹಾಗೆ ಅನ್ನಿಸಿದ್ಮೇಲೆ ಬ್ರೇಕ್ ಬಿಡ್ಬೇಕು."

ಮಾವನ ನಗು ಸಣ್ಣದಾಯಿತು. "ಈ ವಯಸ್ಸಲ್ಲಿ ಯಾಕೆ ಬೇಕಿತ್ತು ನಿನಗೆ?"

"ಹೋದ ವರ್ಷ ನಿಮಗೆ ಎದೆನೋವು ಬಂತಲ್ಲ ರೀ," ಎಂದರು ಅತ್ತೆ. "ಮಧ್ಯಾಹ್ನ. ಮನೇಲಿ ನಾನೊಬ್ಬಳೇ. ಗಾಡಿ ಬಾಗಿಲಲ್ಲೇ ನಿಂತಿತ್ತು, ಕೀ ನನ್ನ ಕೈಲೇ ಇತ್ತು. ಆಂಬುಲೆನ್ಸಿಗೆ ಮುಕ್ಕಾಲು ಗಂಟೆ ಕಾದೆ. ನೀವು ನೆಲದ ಮೇಲೆ ಬಿದ್ದಿದ್ರಿ. ನಾನು ಆ ಕೀ ಹಿಡ್ಕೊಂಡು ಗಾಡಿ ಸುತ್ತ ಓಡಾಡ್ತಿದ್ದೆ, ಹುಚ್ಚಿ ಥರ."

ಮಾವ ಅನ್ನ ಕಲಸಿದರು, ಬಹಳ ಹೊತ್ತು ಕಲಸಿದರು.

"ರಿವರ್ಸ್ ಬರುತ್ತಾ?" ಕೊನೆಗೆ ಕೇಳಿದರು.

"ಬರುತ್ತೆ. ಎಡಗಡೆಗೆ ತಿರುಗಿಸೋದು ಸ್ವಲ್ಪ ಕಷ್ಟ."

"ಕಲೀತೀಯ ಬಿಡು," ಎಂದು ಅವರು ತಟ್ಟೆಯನ್ನೇ ನೋಡುತ್ತ ಹೇಳಿದರು.

ಮಗ ಊಟ ಮುಗಿಸಿ, ತನ್ನ ತಟ್ಟೆ ತಾನೇ ತೊಳೆದಿಟ್ಟು ಹೋದ. ಸೊಸೆ ಹಿಂದೆಯೇ ಹೋದಳು. ಅವನು ಆಗಲೇ ಗೋಡೆಯ ಕಡೆ ತಿರುಗಿ ಮಲಗಿದ್ದ.

ಇಪ್ಪತ್ತೇಳನೇ ದಿನ ಇಬ್ಬರೂ ಯಾರ್ಡಿಗೆ ಹೊರಟರು. ಓಡಿಸಿಕೊಂಡು ಬರಲು ಯಾರಿಗೂ ಲೈಸೆನ್ಸಿಲ್ಲದ್ದರಿಂದ ಬಾಡಿಗೆಗೆ ಒಬ್ಬ ಡ್ರೈವರನ್ನು ಅಲ್ಲಿಗೇ ಬರಹೇಳಿದ್ದರು. ಬಸ್ಸಿನಲ್ಲಿ ಅವಳೇ ಬಾಯಿಬಿಟ್ಟಳು.

"ನನಗೊಬ್ಬಳಿಗೆ ಹೇಳ್ಬಹುದಿತ್ತು."

"ಅಮ್ಮ ಆಣೆ ಹಾಕ್ಸಿದ್ರು."

"ಆಣೆ ಹೆಚ್ಚಾ ನಾನು ಹೆಚ್ಚಾ?"

ಅವನು ಕಿಟಕಿಯ ಹೊರಗೆ ನೋಡಿದ. "ನೀನು ಸ್ಟೋರಿಗೆ ಬಂದು ಅವಳನ್ನ ಅಳೆದು ಹೋದೆ. ಅವಳು ಪಾಪ ತಮಾಷೆ ಅಂತ ಎಲ್ಲರಿಗೂ ಹೇಳಿದ್ಲು. ಅವರಿಗೆಲ್ಲ ಅರ್ಥ ಆಯ್ತು. ಅವಳಿಗೂ, ಸ್ವಲ್ಪ ತಡವಾಗಿ. ಈಗ ಅವಳು ನಾನಿದ್ದ ಕಡೆ ಬರಲ್ಲ."

ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಯಾರ್ಡಿನಲ್ಲಿ ಮೂರು ಕಡೆ ಸೈನ್ ಹಾಕಿದಳು. ಗುಮಾಸ್ತ ಮುದ್ರೆ ಒತ್ತಿ ಕೀ ಕೊಟ್ಟ. ಡ್ರೈವರು ಗಾಡಿ ಹೊರಗೆ ತಂದು ನಿಲ್ಲಿಸಿದ. ಗಂಡ ಹಿಂದಿನ ಬಾಗಿಲು ತೆಗೆದು ಒಂದು ಕಿಟಕಿಗೆ ಕೂತ. ಅವಳು ಇನ್ನೊಂದು ಕಡೆಯಿಂದ ಹತ್ತಿ ಇನ್ನೊಂದು ಕಿಟಕಿಗೆ ಕೂತಳು. ನಡುವೆ ಒಬ್ಬರು ಧಾರಾಳವಾಗಿ ಕೂರುವಷ್ಟು ಜಾಗ. ದೊಡ್ಡ ರಸ್ತೆಗೆ ಬಂದ ಮೇಲೆ ಅವಳು ಆ ಜಾಗಕ್ಕೆ ಸರಿದು ಅವನ ಕೈ ಹಿಡಿದಳು.

"ತಪ್ಪಾಯ್ತು ರೀ. ಈಗ ನಂಬ್ತೀನಿ."

ಅವನು ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಈಗ ನಿನಗೆ ಗೊತ್ತಾಗಿದೆ," ಎಂದ. "ಗೊತ್ತಾದ ಮೇಲೆ ನಂಬೋದಕ್ಕೆ ಏನಿದೆ?"

ಡ್ರೈವರು ಕನ್ನಡಿಯಲ್ಲಿ ಇಬ್ಬರನ್ನೂ ಒಮ್ಮೆ ನೋಡಿ, ಮನೆ ಯಾವ ಕಡೆ ಎಂದು ಕೇಳಿದ.